ಖಾಲಿ ಅರೇ ಕೊಡಿ, ಫಾಲ್ಸ್ ಬೇಡ

ಕೋಡ್‌ನಲ್ಲಿ ಏನನ್ನಾದರೂ ಹುಡುಕಿ ಕೊಡುವ ಫಂಕ್ಷನ್ ಬಗ್ಗೆ ನೀವು ‘ಏನೂ ಸಿಗದಿದ್ದರೆ ಫಾಲ್ಸ್ ಕೊಟ್ಟರೆ ಸಾಕು, ಕರೆದವರು ನೋಡಿಕೊಳ್ಳುತ್ತಾರೆ’ ಅಂತ ಬರೆದಿದ್ದೀರಿ. ಫಾಲ್ಸ್ ಅಂದರೆ ‘ಇಲ್ಲ’ ಎನ್ನುವ ಬೆಲೆ; ಕರೆದವರು ಅಂದರೆ ಆ ಫಂಕ್ಷನನ್ನು ತಮ್ಮ ಕೋಡ್‌ನಲ್ಲಿ ಬಳಸಿದವರು. ಈ ಒಂದು ಮಾತನ್ನು ನಾನು ಒಪ್ಪುವುದಿಲ್ಲ. ಕರೆದವರು ನೋಡಿಕೊಳ್ಳುವುದಿಲ್ಲ, ಮರೆಯುತ್ತಾರೆ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಪಿಎಚ್‌ಪಿ ಎಂಬ ವೆಬ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಅಂಥದ್ದೇ ಒಂದು ಫಂಕ್ಷನ್, ಅಂದರೆ ಮೆಥಡ್, ಇತ್ತು. ಗ್ರಾಹಕರ ಆರ್ಡರ್‌ಗಳನ್ನು ಹುಡುಕಿ ಕೊಡುವುದು ಅದರ ಕೆಲಸ. ಹಲವು ಸಿಕ್ಕರೆ ಅರೇ (ಅವುಗಳ ಪಟ್ಟಿ), ಒಂದೇ ಸಿಕ್ಕರೆ ನೇರವಾಗಿ ಆ ಒಂದು ಆರ್ಡರ್‌ನ ಆಬ್ಜೆಕ್ಟ್, ಏನೂ ಇಲ್ಲದಿದ್ದರೆ ಫಾಲ್ಸ್. ಒಂದೇ ಆರ್ಡರ್ ಇದ್ದವರ ಪುಟ ಮಾತ್ರ ಕೆಡುತ್ತಿತ್ತು. ಕಾರಣ ಹುಡುಕಲು ಎರಡು ದಿನ ಹಿಡಿಯಿತು. ಪಟ್ಟಿಯಲ್ಲಿರುವುದನ್ನು ಒಂದೊಂದಾಗಿ ತೆಗೆದುಕೊಡುವ ಫೋರ್‌ಈಚನ್ನು ಆಬ್ಜೆಕ್ಟ್ ಮೇಲೆ ಓಡಿಸಿದರೆ ಪಿಎಚ್‌ಪಿ ತಕರಾರೇ ಮಾಡುವುದಿಲ್ಲ. ಅದರ ಪಬ್ಲಿಕ್ ಪ್ರಾಪರ್ಟಿಗಳನ್ನೇ (ಹೊರಗಿನವರಿಗೆ ಕಾಣುವ ಅದರ ವಿವರಗಳನ್ನೇ) ಸುಮ್ನೆ ಒಂದೊಂದಾಗಿ ಕೊಡುತ್ತಾ ಹೋಗುತ್ತದೆ. ನಂಬರ್, ದಿನಾಂಕ, ಮೊತ್ತ ಮೂರೂ ಮೂರು ಆರ್ಡರ್‌ಗಳಂತೆ ಸಾಲಾಗಿ ನಿಂತಿದ್ದವು! ಇನ್ನು ಫಾಲ್ಸ್ ಕಥೆ: ಪಿಎಚ್‌ಪಿ 8ಕ್ಕಿಂತ ಮುಂಚೆ ಅದನ್ನು ಕೌಂಟ್ ಮಾಡಿದರೆ 1 ಬರುತ್ತಿತ್ತು. ಆರ್ಡರೇ ಇಲ್ಲದವರಿಗೂ ‘1 ಆರ್ಡರ್’.

ಸ್ಟ್ರ್‌ಪಾಸ್ ಫಂಕ್ಷನ್ ನೆನಪಿದೆ ಅಲ್ವಾ? ಬರಹದಲ್ಲಿ ಒಂದು ಪದ ಎಲ್ಲಿದೆ ಅಂತ ಹೇಳುವ ಪಿಎಚ್‌ಪಿ ಫಂಕ್ಷನ್ ಅದು. ಪದ ಮೊದಲಲ್ಲೇ ಸಿಕ್ಕರೆ 0, ಸಿಗದಿದ್ದರೆ ಫಾಲ್ಸ್. ಇಫ್ ಹಾಕಿ ನೋಡಿದರೆ 0 ಕೂಡ ಫಾಲ್ಸ್‌ನಂತೆಯೇ. ಇವೆರಡರ ಗೊಂದಲದಲ್ಲಿ ಎಷ್ಟು ಜನ ಬಿದ್ದೆದ್ದಿದ್ದಾರೋ. 2020ರಲ್ಲಿ ಪಿಎಚ್‌ಪಿ 8.0 ಬಂದಾಗ ಬರೀ ಹೌದು–ಇಲ್ಲ ಹೇಳುವ ಸ್ಟ್ರ್-ಕಂಟೇನ್ಸ್ ಬೇರೆಯಾಗಿ ಬಂತು.

ನಾವು ಕೊನೆಗೆ ಮಾಡಿದ್ದು ಇಷ್ಟೇ: ಎಷ್ಟೇ ಸಿಗಲಿ, ಯಾವಾಗಲೂ ಅರೇ. ಏನೂ ಇಲ್ಲದಿದ್ದರೆ ಖಾಲಿ ಅರೇ. ಮೆಥಡ್‌ಗೆ ರಿಟರ್ನ್ ಟೈಪನ್ನೂ, ಅಂದರೆ ಅದು ಯಾವ ಬಗೆಯ ಬೆಲೆ ಕೊಡುತ್ತದೆ ಎಂಬುದನ್ನೂ, ಬರೆದೆವು. ಕರೆಯುವ ಕಡೆ ಇದ್ದ ‘ಫಾಲ್ಸಾ, ಆಬ್ಜೆಕ್ಟಾ’ ಅಂತ ಪರೀಕ್ಷಿಸುವ ಹತ್ತಾರು ಇಫ್‌ಗಳನ್ನು ಅವತ್ತೇ ಅಳಿಸಿದೆವು.