ಸಮನ್ವಯ ಅಂದ್ರೆ ಇದು ಸ್ವಾಮಿ!

ನಮ್ಮ ಬೀದಿಗೆ ಹೋದ ತಿಂಗಳು ಡಾಂಬರು ಬಿತ್ತು. ಮೊನ್ನೆ ನೀರಿನವರು ಬಂದು ಅಗೆದರು. ನಿನ್ನೆ ಕೇಬಲ್‌ನವರು ಪಕ್ಕದಲ್ಲೇ ಇನ್ನೊಂದು ಗುಂಡಿ ತೋಡಿದರು. ಕೇಳಿದರೆ ಉತ್ತರ ಒಂದೇ: 'ಸಮನ್ವಯದ ಕೊರತೆ ಸಾರ್.'

ಬೆಂಗಳೂರಿನಲ್ಲಿ ಸಮನ್ವಯ ಇರುವುದು ನನ್ನ ಜೇಬಿನಲ್ಲಿ ಮಾತ್ರ.

ಜೂನ್ 2025ರ ಸುದ್ದಿ ನೆನಪಿದೆ ಅಲ್ವಾ? ಬ್ರೌಸರ್‌ನಲ್ಲಿ ನಾವು ನೋಡುವ ವೆಬ್‌ಸೈಟ್‌ಗಳಲ್ಲಿ ಕೂತಿದ್ದ ಮೆಟಾ ಪಿಕ್ಸೆಲ್ ಎಂಬ ಬೇಹುಗಾರ ಕೋಡ್ (ಫೇಸ್‌ಬುಕ್‌ನ ಒಡೆಯ ಮೆಟಾ ಕಂಪನಿಯದು), ಅದೇ ಆಂಡ್ರಾಯ್ಡ್ ಫೋನಿನಲ್ಲಿ ಮಲಗಿದಂತೆ ನಟಿಸುತ್ತಿದ್ದ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಆ್ಯಪ್‌ಗಳ ಕಿವಿ ಊದುತ್ತಿತ್ತು. ದಾರಿ ಫೋನಿನ ಒಳಗೇ, 127.0.0.1, ಅಂದ್ರೆ ಫೋನು ತನ್ನನ್ನು ತಾನೇ ಕರೆಯುವ ವಿಳಾಸ. ಅಡುಗೆಮನೆಯಿಂದ ನಡುಮನೆಗೆ ಪಾತ್ರೆ ದಾಟಿಸಿದ ಹಾಗೆ. ರಷ್ಯಾದ ಯಾಂಡೆಕ್ಸ್ ಕಂಪನಿ ಅಂತೂ 2017ರಿಂದಲೇ ಇದನ್ನು ನಡೆಸಿತ್ತು. ಒಂದು ಸಮನ್ವಯ ಸಭೆ ಇಲ್ಲ, ಗೋಡಂಬಿ-ಬಿಸ್ಕತ್ತಿನ ಬಿಲ್ ಇಲ್ಲ!

ಬ್ರೌಸರ್‌ನಲ್ಲಿ ಉಳಿಯುವ ಗುರುತಿನ ಚೀಟಿಗಳಾದ ಕುಕೀಸ್ ಅಳಿಸಿದರೂ, ಗುಟ್ಟಿನ ಕಿಟಕಿಯಾದ ಇನ್‌ಕಾಗ್ನಿಟೋದಲ್ಲಿ ಹೋದರೂ ಈ ಕಿಂಡಿ ತೆರೆದೇ ಇತ್ತು. ಇನ್‌ಕಾಗ್ನಿಟೋದ ಆ ಟೋಪಿ-ಕನ್ನಡಕದ ಚಿತ್ರವನ್ನು ಬಹಳ ನಂಬಿದ್ದೆ. ಟೋಪಿ ಯಾರಿಗೆ ಅಂತ ಈಗ ಗೊತ್ತಾಯಿತು.

ಒಂದು ರಾತ್ರಿ ಹಾಗೇ ಕದ್ದು ಮೂಲವ್ಯಾಧಿಯ ಮುಲಾಮು ಹುಡುಕಿದ್ದೆ. ಯಾವ ಕಿಂಡಿಯಿಂದ ಸುದ್ದಿ ಹೋಯಿತೋ ದೇವರೇ ಬಲ್ಲ. ಬೆಳಗ್ಗೆ ಬೀಗರಿಗೆ ಮೊಮ್ಮಗುವಿನ ನಾಮಕರಣದ ಫೋಟೊ ತೋರಿಸಲು ಫೋನ್ ಚಾಚಿದರೆ, ಎರಡನೇ ಫೋಟೊದ ಕೆಳಗೆ ಟ್ಯೂಬು. 'ಕೂರಲು ಕಷ್ಟವೇ?' ಅಂತ ದಪ್ಪಕ್ಷರದಲ್ಲಿ. ಬೀಗರು ಸಭ್ಯರು. ಏನೂ ಕೇಳಲಿಲ್ಲ. ಸುಮ್ನೆ ತಮ್ಮ ಕುರ್ಚಿಯ ದಿಂಬು ತೆಗೆದು ನನ್ನ ಕಡೆ ಸರಿಸಿದರು.

ಚಾಮರಾಜಪೇಟೆಯ ವಠಾರದಲ್ಲಿದ್ದಾಗ ಪಕ್ಕದ ಮನೆ ಅಜ್ಜಿಗೂ ಎಲ್ಲ ಗೊತ್ತಾಗುತ್ತಿತ್ತು. ಆದರೆ ಆಕೆ ಒಂದು ಲೋಟ ಮಜ್ಜಿಗೆಯನ್ನೂ ಕಳಿಸುತ್ತಿದ್ದರು.

ಗುಟ್ಟು ಹೊರಬಿದ್ದ ಹೊತ್ತಿಗೆ ಮೆಟಾ ಇದನ್ನು ನಿಲ್ಲಿಸಿತು. ಆಂಡ್ರಾಯ್ಡ್‌ನ ಒಡೆಯ ಗೂಗಲ್‌ನ ನಿಯಮದ ಬಗ್ಗೆ ತಪ್ಪು ತಿಳಿವಳಿಕೆ ಆಗಿರಬಹುದಂತೆ. ಬಾಗಿಲಿಗೆ ಕಿವಿ ಹಚ್ಚಿ ನಿಂತವನು ಸಿಕ್ಕಿಬಿದ್ದ ಮೇಲೆ ಹೇಳುವ ಮಾತು ಇದೇ ಅಲ್ವಾ?

ಅದೇ 2017ರಲ್ಲಿ, ನಮ್ಮೂರಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹಾಕಿದ್ದ ಕೇಸಿನಲ್ಲಿ, ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. ಮೂಲಭೂತದ್ದು ತೀರ್ಪಿನಲ್ಲಿದೆ. ಮೂಲವ್ಯಾಧಿಯದ್ದು ಯಾರದೋ ಸರ್ವರ್‌ನಲ್ಲಿದೆ. ಸಾಕಾಗಿದೆ ಕಣ್ರೀ. ಫೋನು ನನ್ನದು, ಕಂತು ಕಟ್ಟುವವನು ನಾನು, ಕಾಯಿಲೆಯೂ ನನ್ನದೇ. ಒಂದು ಮಾತು ಕೇಳಬೇಡವಾ?

ಇವತ್ತು ಗ್ಯಾಸ್ ಪೈಪಿನವರು ಬಂದಿದ್ದಾರೆ. ಮೂರನೇ ಗುಂಡಿ. ಅದರ ಅಂಚಿನಲ್ಲಿ ಸ್ಕೂಟರ್ ನಿಲ್ಲಿಸಿ ಫೋನ್ ತೆಗೆದೆ.

'ಸ್ಕೂಟರಿಗೆ ಮೆತ್ತನೆಯ ಸೀಟು. ಇಂದೇ ಕೊಳ್ಳಿರಿ.'