ಸತ್ಯಾಂಶ: ಕುಡಿತ ಬಿಡುವವರ ಸಭೆಗೆ ಆಧಾರ್ ಬೇಡ

ಕುಡಿತ ಬಿಟ್ಟವರು ಒಟ್ಟಾಗಿ ಕೂರುವ ಸಭೆಗೆ ಹೋದರೆ ಆಧಾರ್ ಕೊಡಬೇಕು, ಹೆಸರು ಪೊಲೀಸರಿಗೆ ತಲುಪುತ್ತದೆ ಎಂಬ ಸಂದೇಶ ಮಂಗಳೂರಿನ ಮೊಬೈಲ್‌ಗಳಲ್ಲಿ ಮತ್ತೆ ಮತ್ತೆ ಸುತ್ತುತ್ತದೆ. ಅದು ನಿಜವಲ್ಲ. ಹಂಚುವವರು ಯಾರದೋ ಮಾನ ಉಳಿಯಲೆಂದೇ ಹಂಚುತ್ತಾರೆ, ಆದರೆ ಆ ಭಯಕ್ಕೆ ಎಷ್ಟೋ ಮಂದಿ ಬಾಗಿಲ ತನಕ ಬಂದು ಹಿಂದಿರುಗುತ್ತಾರೆ.

1935ರಲ್ಲಿ ಅಮೆರಿಕದಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ) ಎಂಬ ಹೆಸರಿನಲ್ಲಿ ಮೊದಲಾದ ಈ ಬಗೆಯ ಸಭೆಗಳ ಬುನಾದಿಯೇ ಬಂದವರ ಗುಟ್ಟು ಕಾಯುವುದು. ಶುಲ್ಕವಿಲ್ಲ, ಕುಡಿತ ಬಿಡಬೇಕೆಂಬ ಆಸೆಯೊಂದೇ ಅರ್ಹತೆ. ಕಾಣಿಕೆಯ ಚೀಲ ಕೈಗೆ ಬಂದರೆ ಹತ್ತು ರೂಪಾಯಿ ಹಾಕಬಹುದು, ಸುಮ್ಮನೆ ಪಕ್ಕದವರಿಗೆ ದಾಟಿಸಲೂಬಹುದು.

ಪರೀಕ್ಷಿಸುವುದು ಸುಲಭ. ಸಂದೇಶದಲ್ಲಿ ಊರು, ದಿನ, ಬರೆದವರ ಗುರುತು ಇದೆಯೇ ನೋಡಿ. ಯಾರು ಬೇಕಾದರೂ ಬರಬಹುದಾದ ಮುಕ್ತ ಸಭೆಗೆ ಮನೆಯವರೂ ಹೋಗಿ ಹಿಂದಿನ ಸಾಲಿನಲ್ಲಿ ಕೂರಬಹುದು. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ ಕೇಳಬಹುದು. ದಿನವೂ ವಿಪರೀತ ಕುಡಿಯುವವರು ಮಾತ್ರ ಒಮ್ಮೆಲೇ ನಿಲ್ಲಿಸದೆ ಮೊದಲು ವೈದ್ಯರನ್ನು ಕಾಣಬೇಕು. ಫಿಟ್ಸ್ ಬರುವ ಅಪಾಯವಿದೆ.