ಪಲ್ಲಕ್ಕಿ ಹೊತ್ತವನಿಗೆ ಓಟು ಹಾಕಿದ್ದು

ಅಡಿಕೆ ಸುಲಿಯುವ ದಿನಗಳಲ್ಲಿ ನಮ್ಮನೆಯಲ್ಲಿ ರಾಜಕೀಯ ಜಾಸ್ತಿ. ತೀರ್ಥಹಳ್ಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಜೆ ಅಂಗಳದ ಚಪ್ಪರಕ್ಕೆ ಬಲ್ಬು ಹಾಕಿದರೆ ಮುಗಿಯಿತು, ಮೆಟ್ಟುಗತ್ತಿ ಮೇಲೆ ಕೂತವರ ಕೈ ಅದರ ಪಾಡಿಗೆ ಓಡುತ್ತಿರುತ್ತದೆ, ಬಾಯಿ ಅದರ ಪಾಡಿಗೆ. ಹೋದ ವಾರ ಯಾರದೋ ಮೊಬೈಲಿಗೆ ಒಂದು ವಿಡಿಯೋ ಬಂತು. ದಿಲ್ಲಿಯ ದೊಡ್ಡ ನಾಯಕರೊಬ್ಬರು ದೇವಸ್ಥಾನದಲ್ಲಿ ಕಣ್ಣು ಮುಚ್ಚಿ ಕೂತಿದ್ದಾರೆ. ಯಾವ ಪಕ್ಷದವರು ಅಂತ ಹೇಳುವುದಿಲ್ಲ. ಹೇಳಿದರೆ ಮಿಕ್ಕಿದ್ದನ್ನು ಯಾರೂ ಓದಲ್ಲ. ಈಗ ಎಲ್ಲ ಪಕ್ಷದವರದ್ದೂ ಇಂಥದ್ದೊಂದು ವಿಡಿಯೋ ಇದ್ದೇ ಇದೆ, ನಿಮಗೆ ಬೇಕಾದವರನ್ನು ಕೂರಿಸಿಕೊಂಡು ಓದಿ.

"ಎಷ್ಟು ಭಕ್ತಿ ನೋಡಿ. ಓಟು ಅಂದ್ರೆ ಇಂಥವರಿಗೇ ಹಾಕಬೇಕು" ಅಂದರು ಪಕ್ಕದ ಮನೆ ಚಿಕ್ಕಮ್ಮ.

"ಓಟಿಗೂ ಅದಕ್ಕೂ ಎಂತ ಸಂಬಂಧ ಚಿಕ್ಕಮ್ಮ?" ಅಂತ ಅವರ ಅಕ್ಕನ ಮಗಳು, ಕಾಲೇಜಿಗೆ ಹೋಗುವವಳು, ಮೂಲೆಯಿಂದ ಕೇಳಿದಳು.

ಅಮ್ಮ ಸುಲಿಯುವ ಕೈ ನಿಲ್ಲಿಸದೆ ಒಂದೇ ಮಾತು ಹೇಳಿದಳು. "ದೇವರಿಗೂ ಹೆದರದವ ಮತ್ಯಾರಿಗೆ ಹೆದರ್ತಾನೆ?"

ಹುಡುಗಿ ಸುಮ್ಮನಾದಳು. ನಾನೂ ಸುಮ್ಮನಾದೆ. ಆದರೆ ನಾನು ಸುಮ್ಮನಾದದ್ದಕ್ಕೆ ಬೇರೆ ಕಾರಣ ಇತ್ತು.

ಸುಮಾರು ಹತ್ತು ವರ್ಷದ ಹಿಂದಿನ ಮಾತು. ಪಂಚಾಯಿತಿ ಎಲೆಕ್ಷನ್ನಿಗೆ ನನ್ನ ಓರಗೆಯವನೇ ಒಬ್ಬ ನಿಂತಿದ್ದ. ಹೆಸರು ಬೇಡ, ಈಗಲೂ ದಿನಾ ಎದುರು ಸಿಗುತ್ತಾನೆ. ಊರ ಜಾತ್ರೆಯಲ್ಲಿ ಪಲ್ಲಕ್ಕಿಯ ಮುಂದಿನ ಹೆಗಲು ಪ್ರತಿವರ್ಷ ಅವನದೇ. ಬರಿಗಾಲು, ಮೂರು ದಿನ ಒಪ್ಪತ್ತು ಊಟ. ಪಲ್ಲಕ್ಕಿ ಇಳಿಸಿದಾಗ ಹೆಗಲಿನ ಚರ್ಮ ಕಿತ್ತು ಕೆಂಪಗಾಗಿರುತ್ತಿತ್ತು. ಅದಕ್ಕೆ ಕೊಬ್ಬರಿ ಎಣ್ಣೆ ಸವರಿಕೊಂಡು ಮಾರನೇ ದಿನ ಮತ್ತೆ ಅದೇ ಹೆಗಲು ಕೊಡುತ್ತಿದ್ದ. ಇಂಥವನು ಮಾತು ತಪ್ಪಲಾರ ಅಂತ ನಾನು ಓಟು ಹಾಕಿದೆ. ನಾನೊಬ್ಬನೇ ಅಲ್ಲ, ಇಡೀ ಕೇರಿಯೇ ಹಾಕಿತು.

ನಮಗಿದ್ದದ್ದು ಒಂದೇ ಬೇಡಿಕೆ. ಹಳ್ಳಕ್ಕೊಂದು ಗಟ್ಟಿ ಕಾಲುಸಂಕ, ಅಂದರೆ ನಡೆದು ದಾಟುವ ಸಣ್ಣ ಸೇತುವೆ. ಮಳೆಗಾಲದಲ್ಲಿ ಮಕ್ಕಳು ಶಾಲೆಗೆ ಹೋಗುವುದು ಎರಡು ಅಡಿಕೆ ಮರ ಜೋಡಿಸಿದ ಸಂಕದ ಮೇಲೆ. ಪಾಚಿ ಕಟ್ಟಿ ಜಾರುತ್ತದೆ. ಹಿಡಿದುಕೊಳ್ಳಲು ಒಂದು ಹಗ್ಗ ಇರುತ್ತದೆ ಅಷ್ಟೆ. ಅವನ ಐದು ವರ್ಷ ಮುಗಿಯಿತು, ಸಂಕ ಬರಲಿಲ್ಲ.

"ಹಾಗಾದ್ರೆ ಅವನದ್ದು ಡೋಂಗಿ ಭಕ್ತಿ" ಅನ್ನುತ್ತೀರಿ. ಅಲ್ಲ, ಅವನ ಭಕ್ತಿ ನಿಜವಾದದ್ದು. ಸೋತ ಮೇಲೂ ಪಲ್ಲಕ್ಕಿ ಹೊರುತ್ತಾನೆ, ನೋಡುವವರು ಇಲ್ಲದಾಗಲೂ ದೇವಸ್ಥಾನದ ಅಂಗಳ ಗುಡಿಸುತ್ತಾನೆ. ನನ್ನನ್ನು ಕಾಡುವುದು ಅದೇ. ಡೋಂಗಿಯಾಗಿದ್ದರೆ ಲೆಕ್ಕ ಸುಲಭ ಇತ್ತು, ಡೋಂಗಿಯವರನ್ನು ಗುರುತಿಸಲು ಕಲಿತರೆ ಸಾಕಿತ್ತು. ನಿಜವಾದ ಭಕ್ತಿ ಇತ್ತು, ಆದರೂ ಸಂಕ ಆಗಲಿಲ್ಲ. ಅವನ ಹೆಗಲು ನೋಡಿ ನಾನು ತಿಳಿದುಕೊಂಡದ್ದು ಹೆಗಲಿನ ವಿಷಯ ಮಾತ್ರ.

ಆ ಹೆಗಲನ್ನಾದರೂ ನಾನು ಕಣ್ಣಾರೆ ಕಂಡಿದ್ದೆ. ದಿಲ್ಲಿಯವರ ಭಕ್ತಿ ನಮಗೆ ಸಿಗುವುದು ನಾಲ್ಕು ಕ್ಯಾಮೆರಾ ದಾಟಿದ ಮೇಲೆ. ಮಂಡಿಯಲ್ಲಿ ಚೀಲದ ಬಾಯಲ್ಲಿರುವ ಅಡಿಕೆ ನೋಡಿ ರೇಟು ಕಟ್ಟುತ್ತಾರಾ? ಕೈ ಒಳಗೆ ಹಾಕಿ ತಳದ್ದೊಂದು ಮುಷ್ಟಿ ತೆಗೆದು ನೋಡುತ್ತಾರೆ. ಬಣ್ಣ ಚೆನ್ನಾಗಿದ್ದಷ್ಟೂ ಅನುಮಾನ ಜಾಸ್ತಿ.

ಅಮ್ಮನ ಮಾತಿಗೆ ವಾಪಸ್ ಬರುತ್ತೇನೆ. ಅದನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಮ್ಮ ಕಡೆ ಗದ್ದೆಯ ಗಡಿ ಜಗಳ, ಸಾಲದ ಜಗಳ ಎಷ್ಟೋ ಸಲ ಕೋರ್ಟಿಗೆ ಹೋಗದೆ ಆಣೆಯಲ್ಲಿ ಮುಗಿದಿವೆ. "ದೇವರ ಮುಂದೆ ಬಂದು ಹೇಳು" ಅಂದರೆ ಸುಳ್ಳು ಹೇಳುವವನ ಕಾಲು ನಿಜವಾಗಿಯೂ ಹಿಂದೆ ಸರಿಯುತ್ತದೆ. 2011ರ ಜೂನ್ ನೆನಪಿದೆಯಲ್ಲ? ಆಗ ಮುಖ್ಯಮಂತ್ರಿಯಾಗಿದ್ದವರು ನಮ್ಮ ಜಿಲ್ಲೆಯವರೇ, ಶಿಕಾರಿಪುರದ ಯಡಿಯೂರಪ್ಪ. ಧರ್ಮಸ್ಥಳಕ್ಕೆ ಬಂದು ಆಣೆ ಮಾಡಿ ಅಂತ, ತಮ್ಮ ಮೇಲೆ ಆರೋಪ ಮಾಡಿದ್ದ ಕುಮಾರಸ್ವಾಮಿಯವರಿಗೆ ಸವಾಲು ಹಾಕಿದ್ದರು. 27ನೇ ತಾರೀಕು ಇಬ್ಬರೂ ಹೋದರು. ಇಬ್ಬರೂ ಮಂಜುನಾಥನ ದರ್ಶನ ಮಾಡಿದರು. ಆಣೆ ಮಾತ್ರ ಇಬ್ಬರೂ ಮಾಡದೆ ವಾಪಸಾದರು.

ಅವತ್ತು ಟಿವಿ ಮುಂದೆ ಕೂತು ನಾನು ನಕ್ಕಿದ್ದೆ. ಅಮ್ಮ ನಗಲಿಲ್ಲ. "ಹೆದರಿದ್ರಲ್ಲ, ಅದು ಒಳ್ಳೇದೇ" ಅಂದಳು. ಅವಳು ಹೇಳಿದ್ದರಲ್ಲಿ ಅರ್ಧ ಸರಿ. ಹೆದರಿಕೆ ಇರುವುದು ಒಳ್ಳೇದೇ. ಆದರೆ ಅದು ಇರುವುದು ಎಲ್ಲಿ? ಗುಡಿಯ ಹೊಸ್ತಿಲಿನಲ್ಲಿ ಮಾತ್ರವಾ, ಅಥವಾ ಫೈಲಿಗೆ ಸಹಿ ಹಾಕುವ ಮೇಜಿನವರೆಗೂ ಬರುತ್ತದಾ? ಇದು ಆ ಇಬ್ಬರ ಮಾತಲ್ಲ, ಎಲ್ಲರ ಮಾತು, ನನ್ನದೂ ಸೇರಿ. ಪೂಜೆ ಮುಗಿಸಿ ಬಂದು ಕೂಲಿಯವರ ಲೆಕ್ಕದಲ್ಲಿ ಅರ್ಧ ದಿನ ಹಿಡಿದುಕೊಂಡವರನ್ನು ನಾನೂ ನೀವೂ ನೋಡಿಲ್ವಾ?

ಸಾಗರದ ಹತ್ತಿರ ಕಾಗೋಡಿದೆ. 1951ರಲ್ಲಿ ಅಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದರು. ದೂರದಿಂದ ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಜಗಳ ಹತ್ತಿದ್ದು ಗೇಣಿ ಭತ್ತ ಅಳೆಯುವ ಕೊಳಗದ ವಿಷಯಕ್ಕೆ. ಕೊಳಗ ದೊಡ್ಡದಿದ್ದಷ್ಟೂ ಒಡೆಯರ ಕಣಜಕ್ಕೆ ಭತ್ತ ಜಾಸ್ತಿ. ಮರುವರ್ಷದ ಚುನಾವಣೆಯಲ್ಲಿ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಆ ಕಡೆಯಿಂದಲೇ ಗೆದ್ದು ವಿಧಾನಸಭೆಗೆ ಹೋದರು. ಈ ಕತೆ ನೆನಪಾದಾಗಲೆಲ್ಲ ನನಗೆ ಒಂದೇ ಯೋಚನೆ. ಒಡೆಯರ ಮನೆಯಲ್ಲೂ ದೇವರಿದ್ದ, ಒಕ್ಕಲು ಮನೆಯಲ್ಲೂ ದೇವರಿದ್ದ. ದೀಪ ಎರಡೂ ಕಡೆ ಹಚ್ಚುತ್ತಿದ್ದರು. ಹೊಂದದೆ ಹೋದದ್ದು ಕೊಳಗದ ಅಳತೆ.

ನಂಬಿಕೆ ಇಲ್ಲದವರ ಕತೆ? ಅಮ್ಮನ ಲೆಕ್ಕದಲ್ಲಿ ನೆಹರೂಗೆ ಓಟೇ ಬೀಳಬಾರದಿತ್ತು. ತಾನು ಸತ್ತ ಮೇಲೆ ಯಾವ ಧಾರ್ಮಿಕ ಕ್ರಿಯೆಯೂ ಬೇಡ ಅಂತ ಉಯಿಲಿನಲ್ಲೇ ಬರೆದಿಟ್ಟ ಮನುಷ್ಯ ಅವರು. ಅದೇ ಉಯಿಲಿನಲ್ಲಿ ಒಂದು ಹಿಡಿ ಬೂದಿ ಗಂಗೆಗೆ ಬಿಡಿ, ಉಳಿದದ್ದನ್ನು ರೈತರು ಉಳುವ ಹೊಲಗಳ ಮೇಲೆ ಚೆಲ್ಲಿ ಅಂತಲೂ ಇದೆ. ದೇಶದ ಜನ ಅವರಿಗೆ 1952, 1957, 1962, ಮೂರು ಸಲ ಬಹುಮತ ಕೊಟ್ಟರು. ಅವರ ತಪ್ಪುಗಳ ಪಟ್ಟಿ ಬೇಕಾದರೆ ನಾನೇ ಮಾಡಿಕೊಡುತ್ತೇನೆ, 1962ರ ಚೀನಾ ಯುದ್ಧದಿಂದ ಶುರು ಮಾಡಿ. ಆದರೆ ದೇವರಿಗೆ ಹೆದರದ್ದಕ್ಕೆ ಆದ ತಪ್ಪು ಅಂತ ಅದರಲ್ಲಿ ಒಂದೂ ನನಗೆ ಕಾಣುವುದಿಲ್ಲ.

ಹಾಗಂತ ನಾಯಕರ ಧರ್ಮ ನಮಗೆ ಸಂಬಂಧವೇ ಇಲ್ಲ ಅನ್ನುವ ಪಟ್ಟಣದ ಮಾತನ್ನೂ ನಾನು ಪೂರ್ತಿ ಒಪ್ಪಲ್ಲ. ಒಂದು ಜಾಗದಲ್ಲಿ ಸಂಬಂಧ ಇದೆ. ತನ್ನ ನಂಬಿಕೆಯೂ ತನ್ನ ಹುದ್ದೆಯೂ ಎದುರುಬದುರಾದರೆ ಆ ಮನುಷ್ಯ ಏನು ಮಾಡುತ್ತಾನೆ ಅನ್ನುವುದು ನನಗೆ ಗೊತ್ತಾಗಬೇಕು. ಅಮೆರಿಕದಲ್ಲಿ 1960ರಲ್ಲಿ ಕ್ಯಾಥೊಲಿಕ್ ಆಗಿದ್ದ ಕೆನಡಿ ಅಧ್ಯಕ್ಷ ಚುನಾವಣೆಗೆ ನಿಂತಾಗ ಇದೇ ಪ್ರಶ್ನೆ ಎದ್ದಿತ್ತು. ಅಲ್ಲಿ ಅದುವರೆಗೆ ಕ್ಯಾಥೊಲಿಕ್ ಒಬ್ಬರೂ ಅಧ್ಯಕ್ಷರಾಗಿರಲಿಲ್ಲ, 1928ರಲ್ಲಿ ನಿಂತಿದ್ದ ಆಲ್ ಸ್ಮಿತ್ ಸೋತಿದ್ದರು. ಗೆದ್ದರೆ ಪೋಪ್ ಹೇಳಿದ್ದನ್ನು ಕೇಳ್ತಾನೆ ಅನ್ನುವ ಗುಮಾನಿ ಜನರಿಗೆ. ಕೆನಡಿ ಹ್ಯೂಸ್ಟನ್ನಿನಲ್ಲಿ ಪ್ರಾಟೆಸ್ಟಂಟ್ ಪಾದ್ರಿಗಳ ಮುಂದೆಯೇ ನಿಂತು ಮಾತಾಡಿದರು. ನನ್ನ ಆತ್ಮಸಾಕ್ಷಿಗೋ ದೇಶದ ಹಿತಕ್ಕೋ ಎರಡರಲ್ಲಿ ಒಂದಕ್ಕೆ ದ್ರೋಹ ಮಾಡಲೇಬೇಕಾದ ಸಮಯ ಬಂದರೆ ರಾಜೀನಾಮೆ ಕೊಡುತ್ತೇನೆ ಅಂದರು. ನಂಬಿಕೆ ಬಿಡುತ್ತೇನೆ ಅನ್ನಲಿಲ್ಲ, ಕುರ್ಚಿ ಬಿಡುತ್ತೇನೆ ಅಂದರು. ನಮ್ಮ ನಾಯಕರ ಹತ್ತಿರ ಈ ಪ್ರಶ್ನೆ ಯಾರು ಕೇಳಿದ್ದೀರಿ ಹೇಳಿ. ನಾವು ಕೇಳುವುದು ಯಾವ ಮಠಕ್ಕೆ ಹೋದರು, ಹಣೆಗೆ ಏನಿಟ್ಟರು ಅಂತ.

ಕಾನೂನಿನ ಮಾತೂ ಒಂದು ಸಾಲು. ಧರ್ಮದ ಹೆಸರಲ್ಲಿ ಓಟು ಕೇಳುವಂತಿಲ್ಲ. 1951ರ ಜನಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ಅದನ್ನು ಭ್ರಷ್ಟಾಚಾರ ಅನ್ನುತ್ತದೆ. ಅಭ್ಯರ್ಥಿಯ ಧರ್ಮ ಮಾತ್ರ ಅಲ್ಲ, ಮತದಾರರ ಧರ್ಮದ ಹೆಸರಲ್ಲೂ ಕೇಳಬಾರದು ಅಂತ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4-3ರಲ್ಲಿ ಹೇಳಿತು. ಕೇಳುವವನ ಬಾಯಿಗೆ ಬೀಗ ಬಿತ್ತು, ಹಾಕುವವನ ಮನಸ್ಸಿಗೆ ಬೀಗ ಹಾಕಲು ಯಾವ ಕೋರ್ಟಿಗೂ ಆಗಲ್ಲ.

ಆ ಮನಸ್ಸಿನಲ್ಲಿ ಏನಿದೆ ಅಂತ ನಾವೇ ನೋಡಿಕೊಳ್ಳಬೇಕು. "ನಾವು ಧರ್ಮ ನೋಡಲ್ಲಪ್ಪ, ಕೆಲಸ ನೋಡ್ತೀವಿ" ಅನ್ನುತ್ತೇವೆ. ಈ ದೇಶದಲ್ಲಿ ಇವತ್ತಿನವರೆಗೆ ಒಬ್ಬ ಮುಸ್ಲಿಮ್ ಆಗಲಿ, ಒಬ್ಬ ಕ್ರೈಸ್ತ ಆಗಲಿ ಪ್ರಧಾನಿಯಾಗಿಲ್ಲ. ಸಿಖ್ಖರು ಒಬ್ಬರಾದರು, ಮನಮೋಹನ್ ಸಿಂಗ್. ಅವರು ಹತ್ತು ವರ್ಷ ಪ್ರಧಾನಿಯಾಗಿದ್ದದ್ದು ರಾಜ್ಯಸಭೆಯಿಂದ. 1999ರಲ್ಲಿ ದಕ್ಷಿಣ ದಿಲ್ಲಿಯಲ್ಲಿ ಜನರ ಓಟಿಗೆ ನಿಂತು ಸೋತಿದ್ದರು. ಸೋತದ್ದು ಧರ್ಮದಿಂದ ಅಂತ ನಾನು ಹೇಳುತ್ತಿಲ್ಲ. ಕೆಲಸ ಮಾತ್ರ ನೋಡುವ ಜನರ ಪಟ್ಟಿ ಹೀಗಿರುತ್ತದಾ ಅಂತ ಕೇಳುತ್ತಿದ್ದೇನೆ.

ತಮಾಷೆ ಅಂದರೆ, ಇಷ್ಟೆಲ್ಲ ಹೇಳುವ ಅಮ್ಮನೇ ವರ್ಷಕ್ಕೊಮ್ಮೆ ಹಣಗೆರೆಕಟ್ಟೆಗೆ ಹೋಗುವವಳು. ಅಲ್ಲಿ ಭೂತರಾಯ, ಚೌಡೇಶ್ವರಿಯ ಪಕ್ಕದಲ್ಲೇ ದರ್ಗಾ. ಅವಳು ಎರಡೂ ಕಡೆ ಕೈಮುಗಿದು ಬರುತ್ತಾಳೆ. "ಹಾಗಾದ್ರೆ ದರ್ಗಾಕ್ಕೆ ಹೆದರುವವರಿಗೂ ಓಟು ಹಾಕ್ತೀಯಾ?" ಅಂತ ಆ ರಾತ್ರಿ ಕೇಳಿದೆ. ಅಮ್ಮ ಮೆಟ್ಟುಗತ್ತಿಯ ಮೇಲಿಂದ ತಲೆ ಎತ್ತಿ ನನ್ನನ್ನೊಮ್ಮೆ ನೋಡಿದಳು. "ನಿಂಗೆ ಬುಟ್ಟಿ ತುಂಬಿದ್ದು ಕಾಣ್ತಾ ಇಲ್ವಾ, ತಗೊಂಡೋಗಿ ಹಂಡೆಗೆ ಸುರಿ" ಅಂದಳು. ಚಿಕ್ಕಮ್ಮ ನಕ್ಕರು. ಹುಡುಗಿಯೂ ನಕ್ಕಳು.

ಮೊನ್ನೆ ಜಾತ್ರೆಯಲ್ಲಿ ಪಲ್ಲಕ್ಕಿಗೆ ಒಂದು ಹೆಗಲು ಕಮ್ಮಿ ಬಿತ್ತು ಅಂತ ನನ್ನನ್ನು ಕರೆದರು. ಹೋಗಿ ಕೊಟ್ಟೆ. ನನ್ನ ಪಕ್ಕದಲ್ಲೇ ಅವನು. ಅರ್ಧ ದಾರಿಯಲ್ಲಿ, ಉಸಿರು ಬಿಡುತ್ತಾ, ಮೆತ್ತಗೆ ಕೇಳಿದೆ. "ಆ ಸಂಕದ್ದು ಕಡೆಗೂ ಎಂತ ಆಯ್ತಾ?"

"ದೇವರ ಕೆಲಸದಲ್ಲಿ ರಾಜಕೀಯ ತರಬೇಡ ಮಾರಾಯ" ಅಂದ.